ಯಾರ ಹೆಸರಲ್ಲಿ ಕೂತಿದ್ದೀಯ?

ಹೊಸಮನೆಯ ನಮ್ಮ ಸೇವಾ ಕೇಂದ್ರದಲ್ಲಿ ನಾಲ್ಕು ಸ್ಕ್ರೀನು, ನಾಲ್ಕಕ್ಕೂ ಒಂದೇ ಸರ್ವರ್ರು. ಅದು ಕೈಕೊಟ್ಟಾಗೆಲ್ಲ ಭದ್ರಾವತಿಯಿಂದ ಬಸ್ಸಲ್ಲಿ ಒಬ್ಬ ಸರ್ ಬರ್ತಿದ್ರು. ಕನ್ನಡಕ ತಲೆ ಮೇಲೇರಿಸಿ ಮೊದಲು ಕೇಳ್ತಿದ್ದದ್ದು ಒಂದೇ: "ಯಾರ ಹೆಸರಲ್ಲಿ ಕೂತಿದ್ದೀಯ ಮಾರಾಯ?" ಅಂದ್ರೆ, ಯಾರ ಲಾಗಿನ್ ಅಂತ.

ಒಂದಿನ ಸ್ಕಾಲರ್‌ಶಿಪ್ ಅರ್ಜಿಗೆ ಸಂಜೆ ಐದಕ್ಕೆ ಕೊನೆ. ಒಬ್ಬ ಹುಡುಗಿ ಬೆರಳಚ್ಚು ಕೊಡೋಕೆ ಬೆಳಿಗ್ಗೆಯಿಂದ ಕೂತಿದ್ಲು. ಬ್ರೌಸರಿಗೆ ಪ್ಲಗಿನ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಹಾಕದೆ ಬೆರಳಚ್ಚು ಹೋಗಲ್ಲ. ನಾನು ಮಹಾ ಬುದ್ಧಿವಂತ, ಮೆರವಣಿಗೆ ಹೋದಂಗೆ ನಾಲ್ಕೂ ಕುರ್ಚಿ ಮೇಲೆ ಕೂತು ನಾಲ್ಕು ಸಲ ಹಾಕಿದ್ದೆ. ಆದ್ರೂ ಪಕ್ಕದ ಸೀಟಲ್ಲಿ ಕೆಲಸ ಮಾಡೋ ಅಕ್ಕನಿಗೆ ಅದು ಬರ್ತಾನೇ ಇಲ್ಲ.

"ನಾಲ್ಕೂ ಕಡೆ ಯಾರ ಹೆಸರಲ್ಲಿ ಕೂತಿದ್ದೆ?" ಅಂದ್ರು ಬಸ್ಸಿಳಿದು ಬಂದ ಸರ್.

"ನನ್ನ ಹೆಸರಲ್ಲೇ ಸರ್."

"ಪ್ಲಗಿನ್ ಸೇರೋದು ಕುರ್ಚಿಗಲ್ಲ, ಹೆಸರಿಗೆ. ಅಂದ್ರೆ ನೀನೊಬ್ಬನೇ ನಾಲ್ಕು ಅಂಗಿ ಹಾಕ್ಕೊಂಡೆ. ಉಳಿದವರು ಬರಿಮೈಯಲ್ಲಿದ್ದಾರೆ."

ಆಮೇಲೆ "ನನ್ನದು ದೊಡ್ಡ ಲಾಗಿನ್, ಇದು ಎಲ್ಲರಿಗೂ" ಅಂತ ತಾವೇ ಕೂತು ಹಾಕಿದ್ರು. ಅಕ್ಕನಿಗೆ ಆಗ್ಲೂ ಬರ್ಲಿಲ್ಲ. ಸರ್ ಕನ್ನಡಕ ಇಳಿಸಿದ್ರು, ಮತ್ತೆ ಏರಿಸಿದ್ರು. ಅವರ ಮುಖ ನೋಡಿ ನನಗೆ ಅರ್ಥವಾಗಿದ್ದೂ ಮರ್ತೋಯ್ತು.

ಗಂಟೆ ನಾಲ್ಕೂವರೆ. ಹುಡುಗಿ ಬೆರಳನ್ನ ಚೂಡಿದಾರಕ್ಕೆ ಒರೆಸ್ತಾನೇ ಇದ್ಲು. ಅಕ್ಕ ನನ್ನ ಕುರ್ಚಿ ಹಿಡಿದು ಎಳೆದ್ಲು. "ಏಳೋ. ನಿನ್ನ ಹೆಸರಲ್ಲಿ ಬರ್ತದೆ ತಾನೆ? ಇಲ್ಲೇ ಮಾಡ್ತೀನಿ."

ಅರ್ಜಿ ಹೋಯ್ತು. ಹುಡುಗಿ ನಕ್ಕಳು. ನಾವಿಬ್ರು ಗಂಡಸರು ಸುಮ್ನೆ ಸರ್ವರ್ ಕಡೆ ನೋಡಿದ್ವಿ.

ಭದ್ರಾವತಿ ಬಸ್ಸು ಹತ್ತಿದ ಸರ್ ಸ್ವಲ್ಪ ಹೊತ್ತಿಗೆ ಫೋನ್ ಮಾಡಿದ್ರು.

"ಮಾರಾಯ, ಅಲ್ಲಿ 'ಎಲ್ಲರಿಗೂ' ಅಂತ ಹಾಕುವಾಗ ನಾನು ಯಾರ ಹೆಸರಲ್ಲಿ ಕೂತಿದ್ದೆ, ಸ್ವಲ್ಪ ನೋಡಿ ಹೇಳ್ತೀಯಾ?"