ರಾತ್ರಿ ಉಣ್ಣುವ ಹಕ್ಕಿ

ಹಳೇಬೀಡಿನಲ್ಲಿ ಅರಸೀಕೆರೆಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ, ಎಳೆಮಗುವಿಗೆ ಬಸದಿಯ ದರ್ಶನ ಮಾಡಿಸಿಕೊಂಡು ಬಂದ ಜೈನರ ಮನೆಯ ಅಜ್ಜಿ ಮತ್ತು ಸೊಸೆ. ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲವೆಂದು ಇಬ್ಬರೂ ಅವಸರವಾಗಿ ಬುತ್ತಿ ಬಿಚ್ಚಿದ್ದರು. ನನಗೂ ಒಂದು ಚಪಾತಿ ಬಂತು.

ಮರುದಿನ ನಾಮಕರಣವಂತೆ. ಸೊಸೆ ‘ಚಕೋರಿ’ ಎಂದು ಹೆಸರು ಆರಿಸಿಕೊಂಡಿದ್ದಳು. ನಾನು ಕನ್ನಡ ಮೇಷ್ಟ್ರೆಂದು ತಿಳಿದು ಅಜ್ಜಿ ಅರ್ಥ ಕೇಳಿದರು.

“ಕವಿಗಳು ಹೇಳೋ ಹಕ್ಕಿ ಅಮ್ಮ. ಬೆಳದಿಂಗಳು ಬಿಟ್ಟು ಬೇರೇನೂ ಮುಟ್ಟೋದಿಲ್ಲ. ಚಂದ್ರ ಹುಟ್ಟೋ ತನಕ ಹಸ್ಕೊಂಡೇ ಕಾಯುತ್ತೆ.”

ಅಜ್ಜಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಅಂದ್ರೆ ರಾತ್ರಿ ಉಣ್ಣೋ ಹಕ್ಕಿ! ನಮ್ಮನೇಲಿ ಆ ಹೆಸರು ಬ್ಯಾಡ ಕಣಮ್ಮ.”

ಇಷ್ಟು ವರ್ಷ ಪಾಠ ಹೇಳಿದ್ದರೂ ಚಕೋರದ ಊಟದ ಹೊತ್ತು ನನಗೆ ಹೊಳೆದೇ ಇರಲಿಲ್ಲ. ಸೊಸೆ ಡಬ್ಬಿ ಮುಚ್ಚಿದಳು.

ಕತ್ತಲಾದರೂ ಬಸ್ಸಿನ ಸುಳಿವಿಲ್ಲ. ಎದುರಿನ ಅಂಗಡಿಯವನು ಪೆಟ್ರೊಮ್ಯಾಕ್ಸ್ ಹಚ್ಚಿದ. ಕೆರೆಯ ಕಡೆಯಿಂದ ಚಂದ್ರ ಮೇಲೆ ಬಂದ. ಮಗು ಎದ್ದು ಅತ್ತಿತು. ಸೊಸೆ ಸೆರಗು ಮರೆಮಾಡಿ ಹಾಲೂಡಿಸತೊಡಗಿದಳು. ಅಜ್ಜಿ ಆ ಗುಟುಕಿನ ಸದ್ದನ್ನೇ ಕೇಳುತ್ತ ಕೂತಿದ್ದರು. ಆಮೇಲೆ ಮೊಮ್ಮಗಳ ಪಾದ ಸವರಿ ಹೇಳಿದರು:

“ಕುಡಿಯೇ ಚಕೋರಿ, ಕುಡಿ. ಹಲ್ಲು ಬರೋ ತನಕ ನಿಂಗ್ಯಾವ ನೇಮಾನೂ ಇಲ್ಲ.”