ಪರದೆಯ ಹಿಂದಿನ ಹೆಂಡತಿ

ನನ್ನ ಬಾಯಿಗೆ ಒಂದು ಕಾಯಿಲೆ ಇದೆ. ನಾಲ್ಕು ಜನ ಸೇರಿದ ಕಡೆ ಯಾರೂ ಮಾತಾಡದೆ ಕೂತರೆ ನನಗೆ ಉಸಿರು ಕಟ್ಟುತ್ತದೆ. ಈ ಕಾಯಿಲೆಯಿಂದಲೇ ನ್ಯೂಜೆರ್ಸಿಯ ನಮ್ಮ ಕನ್ನಡದವರಲ್ಲಿ ನನಗೆ ಹೆಸರು ಬಂದದ್ದು. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಮೈಕು ನನ್ನ ಕೈಯಲ್ಲೇ. ಹಾಡುವವರ ಟ್ರ್ಯಾಕ್ ಕೈಕೊಟ್ಟಿತೋ, ಕುಣಿಯುವ ಮಗುವಿನ ಗೆಜ್ಜೆ ಬಿಚ್ಚಿತೋ, ನಾನು ನುಗ್ಗಿ ಏನಾದರೂ ಹೇಳಿ ನಗಿಸಿಬಿಡುತ್ತೇನೆ. "ನಿನ್ನ ಬಾಯಿಗೊಂದು ಆಫ್ ಬಟನ್ ಇಡೋದನ್ನ ದೇವರು ಮರೆತ ಕಣೇ" ಅಂತ ನನ್ನ ಗಂಡ ಹೇಳುತ್ತಿದ್ದರೆ ನಾನದನ್ನು ಹೊಗಳಿಕೆ ಅಂತಲೇ ತಿಳಿದಿದ್ದೆ. ಈಗ ಹಾಗೆ ತಿಳಿಯುವುದಿಲ್ಲ.

ಪಾರ್ಸಿಪನಿಯಲ್ಲಿ ನಮ್ಮ ಎದುರು ಮನೆಗೆ ಕಳೆದ ಬೇಸಿಗೆಯಲ್ಲಿ ಒಬ್ಬ ಹಿರಿಯರು ಬಂದರು. ಒಡಿಶಾದ ಕಟಕ್‌ನವರು, ಮಗಳ ಮನೆಗೆ ಬಂದಿದ್ದರು. ಅವರ ಮಗಳು ನನ್ನ ಹಾಗೆಯೇ ಐಟಿಯವಳು, ಆದರೆ ಮಾತು ಕಡಿಮೆ. ಆ ಹಿರಿಯರ ಜೊತೆ ನಾನು ದಿನಾ ಸಂಜೆ ಅಪಾರ್ಟ್‌ಮೆಂಟಿನ ಸುತ್ತ ನಡೆಯುತ್ತಿದ್ದೆ. ನಾನು ಅವರನ್ನು ಅಂಕಲ್ ಅನ್ನುತ್ತಿದ್ದೆ, ಅವರು ನನ್ನನ್ನು, ಮಗಳ ವಯಸ್ಸಿನವರನ್ನು ಕರೆಯುವ ತಮ್ಮ ಕಡೆಯ ರೂಢಿಯಂತೆ, 'ಮಾ' ಅನ್ನುತ್ತಿದ್ದರು. ನಮ್ಮ ಮಾತು ಹಿಂದಿ, ಇಂಗ್ಲಿಷ್ ಎಲ್ಲ ಸೇರಿದ ಕಲಸುಮೇಲೋಗರ. ಅದನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಅಂಕಲ್ ಹಾಸ್ಯಬರಹಗಾರರು. ಹಗಲು ಗುಮಾಸ್ತಗಿರಿ, ರಾತ್ರಿ ನಾಟಕ. ದುರ್ಗಾಪೂಜೆ ಹತ್ತಿರ ಬಂದರೆ ಒಡಿಯಾ ಪತ್ರಿಕೆಗಳ ವಿಶೇಷ ಸಂಚಿಕೆಗಳಿಗೆಲ್ಲ ಇವರ ನಗೆಬರಹ ಬೇಕಂತೆ. ಬರೆದದ್ದಲ್ಲದೆ ಕಂಪನಿ ನಾಟಕದ ಹಾಗೆ ಊರೂರು ಸುತ್ತುವ ಜಾತ್ರಾ ಮೇಳಗಳಲ್ಲಿ ಪೆದ್ದನ ಪಾತ್ರವನ್ನೂ ಮಾಡುತ್ತಿದ್ದರು. ನಡೆಯುತ್ತಾ ತಮ್ಮ ಕಸುಬಿನವರ ಕಥೆ ಹೇಳುತ್ತಿದ್ದರು. ಮೇಲಧಿಕಾರಿಯನ್ನೇ ನಾಟಕದ ಪಾತ್ರ ಮಾಡಿ ಕಾಡಿನ ಊರಿಗೆ ವರ್ಗವಾದ ಒಬ್ಬರು. ಜೀವಮಾನವಿಡೀ ಹೆಂಡತಿಯ ಕೋಪವನ್ನೇ ಬರೆದು, ಅವಳಿಗೆ ಓದು ಬಾರದ್ದರಿಂದ ಬಚಾವಾದ ಇನ್ನೊಬ್ಬರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಒಂದು ಸಂಜೆ ಮಾತ್ರ ನಗಿಸಲಿಲ್ಲ. "ನಗಿಸೋನ ಪಾಡು ಏನು ಗೊತ್ತಾ ಮಾ? ಅವನು ಸಾವಿನ ಮನೇಲಿ ನಿಂತಿದ್ರೂ ಜನ ಅವನ ಮುಖ ನೋಡಿದ ತಕ್ಷಣ ನಗ್ತಾರೆ" ಅಂದರು. ಆ ಸಾವಿನ ಮನೆ ಅವರದೇ. ಹೆಂಡತಿ ತೀರಿಕೊಂಡಾಗ ಅವರು ಇನ್ಯಾವುದೋ ಊರಲ್ಲಿ ಬಣ್ಣ ಹಚ್ಚಿಕೊಂಡು ಜನರನ್ನು ನಗಿಸುತ್ತಿದ್ದರು. ಮನೆಯಲ್ಲಿ ಅಮ್ಮನ ಪಕ್ಕ ಇದ್ದವಳು ಶಾಲೆಗೆ ಹೋಗುವ ಮಗಳೊಬ್ಬಳೇ. ಅವತ್ತಿನಿಂದ ಮಗಳು ಅವರ ಒಂದು ನಾಟಕವನ್ನೂ ನೋಡಿಲ್ಲ. ಇಲ್ಲಿಗೆ ಕರೆಸಿಕೊಂಡಿದ್ದಾಳೆ, ಔಷಧಿ ಮಾತ್ರೆ ತಪ್ಪದೆ ಕೊಡುತ್ತಾಳೆ. ಆ ವಿಷಯ ಮಾತ್ರ ಎತ್ತುವುದಿಲ್ಲ.

ಹೆಂಡತಿ ಹೋದ ಮೇಲೆ ಅಂಕಲ್ ಒಂದು ನಾಟಕ ಬರೆದಿದ್ದರು. ಗುಮಾಸ್ತನೊಬ್ಬ ನಾಟಕದ ಹುಚ್ಚಿಗೆ ದಿನಾ ತಡವಾಗಿ ಮನೆಗೆ ಬಂದು ಬಾಗಿಲಲ್ಲಿ ನಿಂತು ಒಂದೊಂದು ಸುಳ್ಳು ಹೇಳುತ್ತಾನೆ. ಪ್ರತಿ ಸಲವೂ ಪರದೆಯ ಹಿಂದಿನಿಂದ ಹೆಂಡತಿಯ ದನಿ ಅವನ ಸುಳ್ಳನ್ನು ನಡುವೆಯೇ ತುಂಡರಿಸುತ್ತದೆ: "ಪಖಾಳ ಢಾಂಕಿ ರಖಿಛಿ, ಖಾಇ ಶೋಇಪಡ." ನೀರಲ್ಲಿ ನೆನೆಸಿದ ಅನ್ನ ಮುಚ್ಚಿಟ್ಟಿದ್ದೀನಿ, ತಿಂದು ಮಲಗಿ. ಅಷ್ಟೇ ಮಾತು, ಪ್ರತಿ ಸಲವೂ ನಗು. ಕೊನೆಯ ದೃಶ್ಯದ ಹೊತ್ತಿಗೆ ಹೆಂಡತಿ ತೀರಿಕೊಂಡಿದ್ದಾಳೆ. ಅವನು ಬರುತ್ತಾನೆ, ಅಭ್ಯಾಸಬಲದಿಂದ ಸುಳ್ಳು ಶುರು ಮಾಡುತ್ತಾನೆ, ಆ ದನಿಗಾಗಿ ನಿಲ್ಲುತ್ತಾನೆ. ಯಾರೂ ತಡೆಯುವುದಿಲ್ಲ. ಅವನು ನಿಂತೇ ಇರುತ್ತಾನೆ. ಪರದೆ.

ಇಲ್ಲಿನ ಒಡಿಯಾದವರು ತಮ್ಮ ವಾರ್ಷಿಕ ಸಮಾರಂಭದಲ್ಲಿ ಅದನ್ನೇ ಆಡಿ ಅಂತ ಅಂಕಲ್‌ಗೆ ದುಂಬಾಲು ಬಿದ್ದರು. ಅವರು ಒಪ್ಪಿದ್ದು ಒಂದೇ ಕಾರಣಕ್ಕೆ. "ನನ್ನ ಮಗಳು ಆ ಮೌನದಲ್ಲಿ ಒಂದು ಸಲ ಕೂತರೆ ಸಾಕು. ಅವಳ ಹತ್ತಿರ ಎದುರಿಗೆ ಕೂತು ಕ್ಷಮೆ ಕೇಳೋಕೆ ನನಗೆ ಬರಲ್ಲ ಮಾ. ನನಗೆ ಬರೋದು ಇದೊಂದೇ" ಅಂದರು. ಹೆಂಡತಿಯ ದನಿ ಕೊಡಲು ಮಗಳನ್ನೇ ಕೇಳಿದ್ದರು, ಅವಳು ಬೇಡ ಅಂತ ತಲೆಯಾಡಿಸಿ ಒಳಗೆ ಹೋದಳು. ಬೇರೆ ಹೆಂಗಸರಿಗೆ ಬೇಡವಾಗಿತ್ತು, ಪರದೆ ಹಿಂದೆ ನಿಂತರೆ ರೇಷ್ಮೆ ಸೀರೆ ಯಾರಿಗೆ ಕಾಣಬೇಕು? ಕೊನೆಗೆ ಆ ಪಾತ್ರ ನನಗೆ ಬಂತು. ಒಂದೇ ಸಾಲು ತಾನೆ ಅಂತ ಸ್ನಾನ ಮಾಡುವಾಗ, ಕಾರು ಓಡಿಸುವಾಗ ಹೇಳಿ ಹೇಳಿ ಬಾಯಿಪಾಠ ಮಾಡಿದೆ. ಐಸೆಲಿನ್‌ನ ಇಂಡಿಯನ್ ಅಂಗಡಿಗೆ ಹೋಗಿ ನಾಟಕಕ್ಕೆ ಅಂತ ಒಂದು ಸ್ಟೀಲ್ ಪಾತ್ರೆ, ಮುಚ್ಚೋ ತಟ್ಟೆ ತಂದವಳೂ ನಾನೇ.

ಪ್ರಾಕ್ಟೀಸಿನಲ್ಲಿ ಅಂಕಲ್ ಕೊನೆಯ ನಿಲುವನ್ನು ಒಂದು ಸಲವೂ ಪೂರ್ತಿ ಮಾಡಲಿಲ್ಲ. "ಅದನ್ನ ಮೊದಲೇ ಖರ್ಚು ಮಾಡಬಾರದು. ಕೊನೇ ದೃಶ್ಯದಲ್ಲಿ ನೀನು ಮೈಕ್ ಆಫ್ ಮಾಡಿ ಕೂತ್ಕೋ, ಅಷ್ಟೇ" ಅಂದಿದ್ದರು. ಸ್ಪಷ್ಟವಾಗಿ ಹೇಳಿದ್ದರು. ನಾನು "ಆಯ್ತು ಅಂಕಲ್" ಅಂದೂ ಇದ್ದೆ.

ಮಾರಿಸ್‌ಟೌನ್ ಹತ್ತಿರದ ಒಂದು ಶಾಲೆಯ ಆಡಿಟೋರಿಯಂ ತುಂಬಿತ್ತು. ಪರದೆಯ ಸಂದಿಯಿಂದ ನೋಡಿದೆ, ಮಗಳು ಬಂದಿದ್ದಳು. ಮೂರನೇ ಸಾಲಿನ ತುದಿಯಲ್ಲಿ, ಕೋಟು ಕೂಡ ಬಿಚ್ಚದೆ, ಈಗಲೋ ಆಗಲೋ ಎದ್ದು ಹೋಗುವವಳ ಹಾಗೆ ಕೂತಿದ್ದಳು. ನಾಟಕ ಶುರುವಾಯಿತು. ಅಯ್ಯಯ್ಯೋ, ಏನು ನಗು ಅಂತೀರಿ! ನನ್ನ ಮೈಸೂರು ನಾಲಿಗೆಯ ಒಡಿಯಾ ಕೇಳಿಯೇ ಅರ್ಧ ನಗುತ್ತಿದ್ದರೋ ಏನೋ, ನಾನು ಬಾಯಿ ತೆರೆದರೆ ಸಾಕು, ಹಾಲ್ ಎದ್ದು ಬೀಳುತ್ತಿತ್ತು. ನಿಜ ಹೇಳಿಬಿಡುತ್ತೇನೆ, ಆ ನಗು ನನಗೆ ರುಚಿ ಹತ್ತಿತ್ತು.

ಕೊನೆಯ ದೃಶ್ಯ. ಅಂಕಲ್ ಬಂದರು, ಸುಳ್ಳು ಶುರು ಮಾಡಿದರು, ಅರ್ಧದಲ್ಲಿ ನಿಂತರು. ಹಾಲ್ ನಿಶ್ಶಬ್ದವಾಯಿತು. ಅಷ್ಟು ಜನ, ಅಷ್ಟು ಮಕ್ಕಳು, ಒಂದು ಪ್ಲಾಸ್ಟಿಕ್ ಚೀಲದ ಸದ್ದೂ ಇಲ್ಲ. ಅಂಕಲ್ ನಿಂತೇ ಇದ್ದರು. ಯಾರೋ ಕೆಮ್ಮಿದರು. ಮರೆತರಾ? ಬಿಪಿ ಏರಿತಾ? ವಯಸ್ಸಾದವರು, ಬೆಳಗ್ಗೆಯಿಂದ ಸರಿಯಾಗಿ ಊಟ ಮಾಡಿಲ್ಲ. ಇಷ್ಟು ವರ್ಷ ಮೈಕು ಹಿಡಿದ ನನಗೆ ವೇದಿಕೆಯ ಮೌನ ಅಂದರೆ ಯಾರೋ ಎಡವಿದ್ದಾರೆ ಅಂತಲೇ ಅರ್ಥ. ಯೋಚನೆ ಮುಗಿಯುವ ಮೊದಲೇ ಕೈ ಮೈಕಿನ ಬಟನ್ ಒತ್ತಿತ್ತು, ಬಾಯಿ ಹೇಳಿಬಿಟ್ಟಿತ್ತು: "ಪಖಾಳ ಢಾಂಕಿ ರಖಿಛಿ, ಖಾಇ ಶೋಇಪಡ."

ಸತ್ತ ಹೆಂಡತಿ ಮಾತಾಡಿದಳು. ಹಾಲ್ ಹುಚ್ಚೆದ್ದು ನಕ್ಕಿತು. ಶಿಳ್ಳೆ, ಚಪ್ಪಾಳೆ. ಅಂಕಲ್ ಒಂದು ಕ್ಷಣ ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ವರ್ಣಿಸಲಾರೆ. ಮರುಕ್ಷಣವೇ ಬೆಚ್ಚಿಬಿದ್ದವರ ಹಾಗೆ ನಟಿಸಿ, ಎಡವಿ, ಪಾತ್ರೆ ಬೀಳಿಸಿ, ಜನರನ್ನು ಇನ್ನಷ್ಟು ನಗಿಸಿ ಪರದೆ ಹಾಕಿಸಿದರು. ಸಂದಿಯಿಂದ ನೋಡಿದರೆ ಮೂರನೇ ಸಾಲಿನ ತುದಿಯ ಕುರ್ಚಿ ಖಾಲಿಯಿತ್ತು.

"ಸೂಪರ್ ಎಂಡಿಂಗ್!" ಅಂತ ಎಲ್ಲರೂ ಅವರ ಕೈ ಕುಲುಕುತ್ತಿದ್ದರು. ಅವರೋ, "ನಾನು ಮರೆತುಬಿಟ್ಟಿದ್ದೆ, ಈ ನನ್ನ ಕನ್ನಡದ ಮಗಳು ಕಾಪಾಡಿದಳು" ಅಂತ ನನ್ನ ತಲೆ ಸವರಿದರು. ಥೂ, ಆ ಕೈ ತಲೆಯ ಮೇಲಿರುವಾಗ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನಾನು ಎಲ್ಲರೆದುರು "ಇಲ್ಲ, ತಪ್ಪು ನನ್ನದು" ಅನ್ನಬೇಕಿತ್ತು. ಎಲ್ಲ ಕಡೆ ಬಾಯಿ ಹಾಕುವವಳು ಅಲ್ಲಿ ಮಾತ್ರ ಹಲ್ಲು ಕಿರಿದು ನಿಂತೆ.

ಆಮೇಲಿನ ದಿನಗಳಲ್ಲಿ ಕಳ್ಳಿಯ ಹಾಗೆ ಓಡಾಡಿದೆ. ಎದುರು ಮನೆಯ ಬಾಗಿಲು ಸದ್ದಾದರೆ ನಾನು ಒಳಗೇ ನಿಲ್ಲುತ್ತಿದ್ದೆ. ಸಂಜೆಯ ವಾಕಿಂಗ್‌ಗೆ "ಮೀಟಿಂಗ್ ಇದೆ ಅಂಕಲ್" ಅಂತ ಸುಳ್ಳು ಹೇಳಿದೆ. ಕೊನೆಗೆ ಗಂಡನೇ, "ನಿನ್ನ ಅಂಕಲ್ ಈ ವಾರ ಊರಿಗೆ ಹೊರಟಿದಾರಂತೆ. ಅಮ್ಮನ ಸಾವನ್ನೂ ಅಪ್ಪ ಜೋಕ್ ಮಾಡಿಬಿಟ್ರು ಅಂತ ಮಗಳು ಅವರ ಜೊತೆ ಮಾತು ಬಿಟ್ಟಿದಾಳಂತೆ. ಹೋಗಿ ಹೇಳಿ ಬಾರೇ, ಈಗಲಾದ್ರೂ ಆ ಬಾಯಿ ಉಪಯೋಗಕ್ಕೆ ಬರಲಿ" ಅಂದರು.

ಭಾನುವಾರ ಮಧ್ಯಾಹ್ನ ಹೋದೆ. ಅಂಕಲ್ ವಾಕಿಂಗ್ ಹೋಗಿದ್ದರು, ಹಾಲ್‌ನಲ್ಲಿ ಅವರ ಸೂಟ್‌ಕೇಸ್ ಬಾಯಿ ತೆರೆದುಕೊಂಡಿತ್ತು. ಮಗಳು ಅಡುಗೆಮನೆಯಲ್ಲಿ ನಿಂತಿದ್ದಳು. ನಾನು ಕೂರಲೂ ಇಲ್ಲ.

"ಕೊನೇ ಸೀನಲ್ಲಿ ಆ ಮಾತು ಇರಲಿಲ್ಲ ಕಣೇ. ನಿಮ್ಮಪ್ಪ ಬರೆದಿರಲಿಲ್ಲ. ಮೈಕ್ ಆಫ್ ಮಾಡು ಅಂತ ಹೇಳಿದ್ರು. ನಾನೇ ಬಾಯಿ ಹಾಕಿದ್ದು."

ಅವಳು ನಲ್ಲಿ ನಿಲ್ಲಿಸಿದಳು. "ಮತ್ತೆ ಅಲ್ಲಿ ಏನಿತ್ತು?"

"ಏನೂ ಇರಲಿಲ್ಲ. ಅವರು ಬಾಗಿಲಲ್ಲಿ ಸುಮ್ನೆ ನಿಂತಿರಬೇಕಿತ್ತು. ನಿಮ್ಮಮ್ಮನ ದನಿಗೆ ಕಾದುಕೊಂಡು. ಅದನ್ನ ನೀನು ನೋಡಬೇಕು ಅಂತಲೇ ಅವರು ನಾಟಕ ಒಪ್ಪಿಕೊಂಡಿದ್ದು."

ಅವಳು ಬೈದರೆ ಬೈಯಲಿ ಅಂತ ಕಾದೆ. ಅಷ್ಟರಲ್ಲಿ ಬೀಗ ತಿರುಗಿದ ಸದ್ದಾಯಿತು. ಅಂಕಲ್ ಒಳಗೆ ಕಾಲಿಟ್ಟವರು, "ಅದೇನಾಯ್ತು ಅಂದ್ರೆ, ದಾರೀಲಿ ಒಬ್ರು ಸಿಕ್ಕಿ..." ಅಂತ ಶುರು ಮಾಡಿ, ನಮ್ಮಿಬ್ಬರ ಮುಖ ನೋಡಿ ಹಾಗೇ ನಿಂತುಬಿಟ್ಟರು. ಕೈಯಲ್ಲಿ ಟೋಪಿ. ಒಂದು ಕಾಲಿನ ಶೂ ಬಿಚ್ಚಿದ್ದರು, ಇನ್ನೊಂದನ್ನು ಬಿಚ್ಚಲಿಲ್ಲ.

ಮೂವರೂ ಸುಮ್ಮನಿದ್ದೆವು. ನನ್ನ ನಾಲಿಗೆ ತುರಿಸಿತು. 'ಬನ್ನಿ ಅಂಕಲ್, ಕೂತ್ಕೊಳ್ಳಿ' ಅನ್ನುವುದು ಗಂಟಲವರೆಗೂ ಬಂತು. ಅಲ್ಲೇ ನುಂಗಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮಗಳು ಅವರನ್ನೇ ನೋಡುತ್ತಿದ್ದಳು. ಆಮೇಲೆ ಕಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟಿದ್ದ ಪಾತ್ರೆಯ ಕಡೆ ಕೈ ತೋರಿಸಿ, ತೀರಾ ಸಣ್ಣ ದನಿಯಲ್ಲಿ, "ಬಾಪಾ, ಪಖಾಳ ಢಾಂಕಿ ರಖಿಛಿ..." ಅಂದಳು. ಪೂರ್ತಿ ಮಾಡಲಾಗಲಿಲ್ಲ.

ಅಂಕಲ್ ಗೋಡೆ ಹಿಡಿದುಕೊಂಡು ಇನ್ನೊಂದು ಶೂ ಬಿಚ್ಚಿದರು. ಕೈ ತೊಳೆದು ಬಂದು ಊಟಕ್ಕೆ ಕೂತರು. ಮಗಳು ಎದುರಿಗೆ ಕುರ್ಚಿ ಎಳೆದುಕೊಂಡಳು. ನಾನು 'ಬರ್ತೀನಿ' ಅಂತ ಕೂಡ ಹೇಳದೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ.