ಹೆಣ್ಣು ನೋಡುವ ದಿನದ ಡೈವರ್ಸಿಟಿ ಜಗಳ

ಸ್ನೇಹಿತರೇ, ಮಗಳನ್ನು ನೋಡಲು ಇಂದು ಮುಂಬೈ ಮಲಾಡಿನ ನಮ್ಮ ಮನೆಗೆ ಹುಡುಗ ಮತ್ತು ಅವನ ತಾಯಿ ಬಂದಿದ್ದರು. ಅವನು ವೈರ್‌ಲೆಸ್ ಎಂಜಿನಿಯರ್, ಇವಳು ಟಿವಿ ಸುದ್ದಿಯ ಸಂಶೋಧಕಿ. ಇಬ್ಬರ ಕೆಲಸವೂ ಡೈವರ್ಸಿಟಿಯ, ಅಂದರೆ ವೈವಿಧ್ಯದ, ಮೇಲೆಯೇ ಎಂದು ತಿಳಿದು ನಮಗೆ ಖುಷಿಯೋ ಖುಷಿ.

"ಒಂದೇ ಸಿಗ್ನಲ್ ಎರಡು ಆಂಟೆನಾದಲ್ಲಿ ಹಿಡಿಯೋದೇ ಡೈವರ್ಸಿಟಿ. ಒಂದು ಕೈಕೊಟ್ರೆ ಇನ್ನೊಂದು ಉಂಟಲ್ಲ," ಎಂದ ಹುಡುಗ.

"ಹತ್ತು ಚಾನೆಲ್‌ನಲ್ಲಿ ಒಂದೇ ಮಾತು ಬಂದ್ರೆ ಅದೆಂಥ ಡೈವರ್ಸಿಟಿ ಮಾರಾಯ್ರೆ? ಭಜನೆ ಅದು!" ಎಂದಳು ಮಗಳು.

ಮಾತು ಏರಿತು, ಚಹಾ ಆರಿತು. ಸಂಬಂಧ ಕೈತಪ್ಪಿತೆಂದೇ ಹೆದರಿದೆ.

ಹುಡುಗನ ತಾಯಿ ದಹಿಸರ್ ಖಾಡಿಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಸಂಶೋಧಕಿ. ನಕ್ಕು ಹೇಳಿದರು: "ನಮ್ಮ ಕಾಡಲ್ಲಿ ಒಂದೇ ಹೂವಿಗೆ ಜೇನೂ ಬರ್ತದೆ, ನೊಣವೂ ಬರ್ತದೆ. ಒಂದು ಬಾರದಿದ್ರೆ ಇನ್ನೊಂದು ಉಂಟು, ಆದ್ರೆ ಎರಡೂ ಬೇರೆ ಬೇರೆ ಜಾತಿ. ನೀವಿಬ್ರೂ ಸರಿಯೇ."

"ಇದು ಮುಗಿದಿಲ್ಲ, ಭಾನುವಾರ ಸಿಗುವ," ಎಂದಳು ಮಗಳು ಅವನಿಗೆ.

ಈ ಜಗಳ ಮುಗಿಯಲು ಒಂದು ಜನ್ಮವೇ ಬೇಕಾದೀತು. ನಾನು ಮದುವೆ ಹಾಲ್ ವಿಚಾರಿಸುತ್ತಿದ್ದೇನೆ.